ನಮ್ಮ ಬೆಟ್ಟದಲ್ಲಿ ವರ್ಷಕ್ಕೆ ಎಷ್ಟು ಮರ ಕಡಿಯಬಹುದು, ಲೆಕ್ಕ ಹಾಕಲು ಬಿಡಿ ಸಚಿವರೇ

ಮಾನ್ಯ ಅರಣ್ಯ ಸಚಿವರಿಗೆ ನಮಸ್ಕಾರ.

ನಾನು ಸಾಗರ ತಾಲೂಕಿನ ಒಂದು ಸಣ್ಣ ಊರಿನವನು. ಎರಡೂವರೆ ಎಕರೆ ಅಡಿಕೆ ತೋಟ, ಅದರ ನೆತ್ತಿಗೆ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಅದರಾಚೆ ಕಾನು (ದಟ್ಟ ಹಸಿರು ಕಾಡು). ನಮ್ಮೂರ ಗ್ರಾಮ ಅರಣ್ಯ ಸಮಿತಿಯಲ್ಲಿ ಹನ್ನೊಂದು ವರ್ಷ ಇದ್ದೆ, ಅದರಲ್ಲಿ ಐದು ವರ್ಷ ಅಧ್ಯಕ್ಷನಾಗಿದ್ದೆ. ಈಗ ಇಲ್ಲ. ಹಾಗಾಗಿ ಈ ಪತ್ರ ಸಮಿತಿಯ ಲೆಟರ್‌ಹೆಡ್‌ನಲ್ಲಿ ಇಲ್ಲ, ಸೀಲೂ ಇಲ್ಲ. ಕಚೇರಿಗೆ ಕೊಟ್ಟ ಮನವಿಗಳೆಲ್ಲ ಸ್ವೀಕೃತಿ ಚೀಟಿ ಹೊತ್ತುಕೊಂಡು ವಾಪಸ್ ಬಂದಿವೆ, ಅದಕ್ಕೇ ಈ ಸಲ ನಾಲ್ಕು ಜನ ಓದಲಿ ಅಂತ ಬಹಿರಂಗವಾಗಿ ಬರೆಯುತ್ತಿದ್ದೇನೆ.

ಮೊನ್ನೆ ಏಪ್ರಿಲ್‌ನಲ್ಲಿ ತಮ್ಮನ ಮನೆಗೆ ಬಾಗಿಲ ಚೌಕಟ್ಟು ಬೇಕಿತ್ತು. ನಮ್ಮ ಆಚಾರ್ರನ್ನು ಕರೆದುಕೊಂಡು ಪೇಟೆಗೆ ಹೋದೆವು. ಅಂಗಡಿಯಲ್ಲಿ ಕೆಂಪು ಬಣ್ಣದ ತುಂಡುಗಳನ್ನು ಸಾಲಾಗಿ ನಿಲ್ಲಿಸಿದ್ದರು. 'ಮಲೇಶಿಯನ್ ಸಾಲ್, ಈಗ ಎಲ್ಲರೂ ಇದನ್ನೇ ಒಯ್ಯುತ್ತಾರೆ' ಅಂದರು. ಆಚಾರ್ರು ಹೆಬ್ಬೆರಳಿನ ಉಗುರಿನಿಂದ ಒಂದು ಗೆರೆ ಎಳೆದು ನೋಡಿ, ಮೂಸಿ ನೋಡಿ, ಏನೂ ಮಾತಾಡದೆ ಪಕ್ಕಕ್ಕೆ ಇಟ್ಟರು. ಬೇರೆ ದಾರಿ ಇರಲಿಲ್ಲ, ತಂದೆವು. ಆ ಮರ ನಿಜಕ್ಕೂ ಮಲೇಷ್ಯಾದ್ದೋ ಇನ್ನಾವ ದ್ವೀಪದ್ದೋ ದೇವರಿಗೇ ಗೊತ್ತು. ತಮಾಷೆ ಎಂದರೆ ಆ ಚೌಕಟ್ಟು ನಿಲ್ಲಿಸಿದ ಜಾಗದಿಂದ ಇನ್ನೂರು ಹೆಜ್ಜೆ ಮೇಲೆ ಹೋದರೆ ಒಂದು ಮತ್ತಿ ಮರ ಬಿದ್ದುಕೊಂಡಿದೆ. ಮೂರು ಮಳೆಗಾಲದ ಹಿಂದೆ ಗಾಳಿಗೆ ಬುಡಸಮೇತ ಬಿದ್ದದ್ದು. ಈಗ ಅದರ ಮೇಲೆ ಅಣಬೆ ಎದ್ದಿದೆ, ಒಂದು ಬದಿ ಗೆದ್ದಲು ಹಿಡಿದಿದೆ. ಅದನ್ನು ನಾವು ಮುಟ್ಟುವ ಹಾಗಿಲ್ಲ. ಇಲಾಖೆಯವರು ಸಾಗಿಸಿ ಡಿಪೋಗೆ ಹಾಕಬೇಕು. ಅವರು ಬರಲಿಲ್ಲ, ರಸ್ತೆ ಇಲ್ಲ ಅಂತ.

ಮರ ಕೊಳೆತರೆ ಕಾಡಿಗೇ ಗೊಬ್ಬರ ಅಲ್ವಾ ಅಂತ ನೀವು ಕೇಳಬಹುದು. ಹೌದು, ನಾನೂ ಒಪ್ಪುತ್ತೇನೆ. ಬಿದ್ದ ಮರವನ್ನೆಲ್ಲ ಎತ್ತಿ ತರಬೇಕು ಅಂತ ನಾನು ಹೇಳುತ್ತಿಲ್ಲ. ನನ್ನ ಸಂಕಟ ಬೇರೆ. ಎಲ್ಲೋ ದೂರದಲ್ಲಿ, ಯಾರೋ ಕಡಿದ, ಯಾವ ಲೆಕ್ಕದಲ್ಲಿ ಕಡಿದರು ಅಂತ ಗೊತ್ತಿಲ್ಲದ ಮರವನ್ನು ನಾವು ದುಡ್ಡು ಕೊಟ್ಟು ತರುತ್ತೇವೆ. ನಮ್ಮ ಬೆಟ್ಟದ ಲೆಕ್ಕ ಹಾಕಲು ಮಾತ್ರ ನಮಗೆ ಅವಕಾಶ ಇಲ್ಲ. ಕಾಗದದ ಮೇಲೆ ನಮ್ಮ ಮಿತಿ ಸೊನ್ನೆ. ಕಾಗದದ ಹೊರಗೆ ಮಿತಿ ಎಂಬುದೇ ಇಲ್ಲ. ರಾತ್ರಿ ಎರಡು ಗಂಟೆಗೆ ಕಾನಿನ ಕಡೆಯಿಂದ ಮಿಷನ್ ಗರಗಸದ ಸದ್ದು ಕೇಳಿದವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಬೀಟೆ, ಸಾಗುವಾನಿ ಹೋಗುವುದು ಹಾಗೆ. ಸೊನ್ನೆಯನ್ನು ಕಾಯುವವರು ಯಾರೂ ಇಲ್ಲ, ಯಾಕೆಂದರೆ ಅದರಲ್ಲಿ ಯಾರಿಗೂ ಪಾಲಿಲ್ಲ.

ಕಾನೂನು ಏನು ಹೇಳುತ್ತದೆ ಅಂತ ನನಗೆ ಅಲ್ಪಸ್ವಲ್ಪ ಗೊತ್ತು, ಅಧ್ಯಕ್ಷನಾಗಿದ್ದಾಗ ಓದಲೇಬೇಕಾಯಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಕೇಂದ್ರ ಸರ್ಕಾರ ಒಪ್ಪಿದ ವರ್ಕಿಂಗ್ ಪ್ಲಾನ್ (ಕಾಡು ನೋಡಿಕೊಳ್ಳಲು ಇಲಾಖೆ ಬರೆಯುವ ಯೋಜನೆ) ಪ್ರಕಾರ ಬಿಟ್ಟು ಬೇರೆ ರೀತಿಯಲ್ಲಿ ಕಾಡಿನ ಮರ ಕಡಿಯುವಂತಿಲ್ಲ ಎಂದಿತು. ಒಳ್ಳೆಯದೇ ಆಯಿತು, ಅದು ಇಲ್ಲದಿದ್ದರೆ ಇವತ್ತು ನೋಡಲು ಕಾಡೇ ಇರುತ್ತಿರಲಿಲ್ಲ. ಆಮೇಲೆ 2006ರ ಅರಣ್ಯ ಹಕ್ಕು ಕಾಯ್ದೆ ಬಂತು. ಊರಿನ ಕಾಡನ್ನು ಊರವರೇ ಕಾಯುವ, ನೋಡಿಕೊಳ್ಳುವ ಹಕ್ಕು ಅದರಲ್ಲಿದೆ. ಜೇನು, ಬೆತ್ತ, ಬಿದಿರು, ಕುರುಚಲು ಕಟ್ಟಿಗೆ, ಮರದ ಬುಡ, ಇವೆಲ್ಲ ಕಿರು ಅರಣ್ಯ ಉತ್ಪನ್ನದ ಪಟ್ಟಿಯಲ್ಲಿವೆ. ನಾಟಾ, ಅಂದರೆ ಮನೆ ಕೆಲಸಕ್ಕೆ ಬೇಕಾದ ಮರ, ಇಲ್ಲ. ಅದೇ ಕಾಯ್ದೆಯಲ್ಲಿ ಶಾಲೆ, ರಸ್ತೆ, ನೀರಿನ ಟ್ಯಾಂಕು ಅಂತ ಊರ ಸೌಲಭ್ಯಕ್ಕೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ ಬೇಕಾದರೆ ಹೆಕ್ಟೇರಿಗೆ 75 ಮರ ಮೀರದಂತೆ ಕಡಿಯಬಹುದು ಎಂದಿದೆ. ನೋಡಿ, ರಸ್ತೆಗೆ 75 ಅಂತ ಒಂದು ಅಂಕಿ ಸಿಕ್ಕಿತು. ಮನೆಯ ಪಕಾಸಿಗೆ, ರೀಪಿಗೆ, ತೊಲೆಗೆ ಒಂದು ಅಂಕಿಯೂ ಸಿಗಲಿಲ್ಲ.

ಮೈಕ್ರೋ ಪ್ಲಾನ್ ಅಂತ ಒಂದು ಇದೆ, ಒಂದೊಂದು ಊರಿನ ಕಾಡಿಗೆ ಬರೆಯುವ ಸಣ್ಣ ಯೋಜನೆ. 1993ರಲ್ಲಿ ಜಂಟಿ ಅರಣ್ಯ ಯೋಜನೆಯ ಆದೇಶ ಬಂದಾಗಿನಿಂದ ಊರೂರಿಗೆ ಗ್ರಾಮ ಅರಣ್ಯ ಸಮಿತಿ ಆಯಿತು, ಪ್ರತಿ ಸಮಿತಿಗೂ ಒಂದು ಮೈಕ್ರೋ ಪ್ಲಾನ್. ನಮ್ಮದನ್ನು ನಾನು ಮೊದಲ ಬಾರಿ ನೋಡಿದ್ದು ಅಧ್ಯಕ್ಷನಾಗಿ ಎಂಟು ತಿಂಗಳಾದ ಮೇಲೆ. ಇಂಗ್ಲಿಷಿನಲ್ಲಿತ್ತು. ಪಕ್ಕದ ಊರಿನ ಪ್ಲಾನಿನಲ್ಲಿದ್ದ ಹಳ್ಳದ ಹೆಸರು ನಮ್ಮದರಲ್ಲೂ ಇತ್ತು, ನಮ್ಮೂರಲ್ಲಿ ಆ ಹೆಸರಿನ ಹಳ್ಳವೇ ಇಲ್ಲ. ನಮ್ಮ ಬೆಟ್ಟದಲ್ಲಿ ಎಷ್ಟು ಮತ್ತಿ ಇದೆ, ಎಷ್ಟು ಹೊನ್ನೆ, ಎಷ್ಟು ನಂದಿ, ಎಳೆಯವು ಎಷ್ಟು, ಬಲಿತವು ಎಷ್ಟು, ಒಂದು ಸಾಲೂ ಇರಲಿಲ್ಲ. ಗಿಡ ನೆಡುವ ಗುಂಡಿ ಎಷ್ಟು ಅಂತ ಮಾತ್ರ ಚೆನ್ನಾಗಿ ಬರೆದಿದ್ದರು.

ಗುಂಡಿಯಲ್ಲಿ ನೆಟ್ಟದ್ದು ಏನು ಅಂತ ಮಲೆನಾಡಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಅಕೇಶಿಯಾ. ಭದ್ರಾವತಿಯ ಕಾಗದ ಕಾರ್ಖಾನೆಗೆ 1980ರಲ್ಲಿ 40 ವರ್ಷದ ಗುತ್ತಿಗೆಗೆ ಕೊಟ್ಟ ಸುಮಾರು 30,000 ಹೆಕ್ಟೇರ್ ನೆಡುತೋಪಿನ ಕಥೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಕಾರ್ಖಾನೆ ನಿಂತ ಮೇಲೂ 2020ರಲ್ಲಿ ಗುತ್ತಿಗೆ ಮುಂದುವರಿಸಿದ್ದು, 'ನಮ್ಮೂರಿಗೆ ಅಕೇಶಿಯಾ ಮರ ಬೇಡ' ಅಂತ ಜನ ಬೀದಿಗಿಳಿದದ್ದು, ಅದೆಲ್ಲ ಬೇರೆಯೇ ಪತ್ರಕ್ಕೆ ಬೇಕಾದಷ್ಟಿದೆ. ನಮ್ಮೂರ ಸಮಿತಿಯ ಹದಿನಾರು ಎಕರೆ ಅಕೇಶಿಯಾ ತೋಪಿನ ಕಥೆ ಮಾತ್ರ ಹೇಳುತ್ತೇನೆ.

ಆ ತೋಪು ನೆಟ್ಟು ಇಪ್ಪತ್ತು ವರ್ಷವಾಗುವಷ್ಟರಲ್ಲಿ ಅದರಡಿಯಲ್ಲಿ ತಾನಾಗಿ ನೇರಳೆ, ಹೊನ್ನೆ, ಕಿಂದಲ, ಮುರುಗಲು ಎದ್ದಿದ್ದವು. ಎದೆ ಮಟ್ಟಕ್ಕೆ, ಕೆಲವು ಆಳೆತ್ತರ. ನಾವು ಸಭೆ ಸೇರಿ ನಿರ್ಣಯ ಬರೆದೆವು: ಅಕೇಶಿಯಾವನ್ನು ಮೂರು ಕಂತಿನಲ್ಲಿ ತೆಗೆಯಿರಿ, ಒಂದೊಂದು ಸಾಲು ಬಿಟ್ಟು, ಒಳಗಿನ ಊರ ಗಿಡಗಳಿಗೆ ಪೆಟ್ಟಾಗದ ಹಾಗೆ. ನಿರ್ಣಯ ಪುಸ್ತಕದಲ್ಲೇ ಉಳಿಯಿತು. ಟೆಂಡರ್ ಹಿಡಿದವನು ಜೆಸಿಬಿ ತಂದ, ಒಂಬತ್ತು ದಿನದಲ್ಲಿ ಬೋಳು ಮಾಡಿದ. ದಿಮ್ಮಿ ಎಳೆದ ದಾರಿಯಲ್ಲಿ ಮಣ್ಣು ಮೊಣಕಾಲುದ್ದ ಕಿತ್ತು ಹೋಗಿತ್ತು, ಆ ಜೂನ್‌ನ ಮೊದಲ ಮಳೆಗೆ ನಮ್ಮ ಕೆರೆ ಕೆಂಪಾಯಿತು. ಹರಾಜಿನ ದುಡ್ಡಿನಲ್ಲಿ ಸಮಿತಿಗೆ ಪಾಲು ಬಂತು, ಇಲ್ಲ ಅನ್ನುವುದಿಲ್ಲ. ಆ ದುಡ್ಡಿನಲ್ಲಿ ಊರಿಗೆ ಪಾತ್ರೆ, ಶಾಮಿಯಾನ ತಂದೆವು, ಈಗಲೂ ಮದುವೆಗೆ ಬಾಡಿಗೆಗೆ ಹೋಗುತ್ತದೆ. ಆದರೆ ಆ ಹದಿನಾರು ಎಕರೆ ಈಗಲೂ ನೋಡಲು ಆಗುವುದಿಲ್ಲ. ಯೂಪಟೋರಿಯಂ ಕಳೆ ಬಿಟ್ಟು ಬೇರೆ ಏನೂ ಇಲ್ಲ.

ಇದನ್ನು ಯಾಕೆ ಹೇಳಿದೆ ಎಂದರೆ, ಮಿತಿ ಅಂದ ಕೂಡಲೇ ಎಲ್ಲರೂ 'ಎಷ್ಟು ಮರ' ಅಂತ ಕೇಳುತ್ತಾರೆ. ಹೇಗೆ ಬೀಳಿಸುತ್ತೀರಿ, ಯಾವ ದಾರಿಯಲ್ಲಿ ಎಳೆಯುತ್ತೀರಿ, ಯಾವ ತಿಂಗಳಲ್ಲಿ ಅನ್ನುವುದೂ ಮಿತಿಯೇ. 1983ರ ಸೆಪ್ಟೆಂಬರ್ 8ರಂದು ಶಿರಸಿ ಕಡೆಯ ಸಾಲ್ಕಣಿಯವರು ಮರ ಅಪ್ಪಿಕೊಂಡು ನಿಂತರಲ್ಲ, ಆ ಅಪ್ಪಿಕೋ ಚಳವಳಿಯಲ್ಲೂ ಜನರ ದೂರು ಇದೇ ಇತ್ತು. ಗುರುತು ಹಾಕಿದ್ದು ಕೆಲವೇ ಮರಕ್ಕೆ, ಆದರೆ ಅವು ಬೀಳುವಾಗ ಸುತ್ತಲಿನ ಮರಗಳನ್ನೂ ಬಳ್ಳಿ ಸಮೇತ ಎಳೆದುಕೊಂಡು ಬೀಳುತ್ತವೆ. ಮರ ಕಡಿಯುವ ಮುಂಚೆ ಬಳ್ಳಿ ಕಡಿದು ಒಣಗಲು ಬಿಟ್ಟರೆ ಅರ್ಧ ಹಾನಿ ತಪ್ಪುತ್ತದೆ ಅಂತ ನಮ್ಮ ಹಳೆಯ ಮರ ಕೊಯ್ಯುವವರು ಹೇಳುತ್ತಿದ್ದರು. ಬೇರೆ ದೇಶಗಳಲ್ಲಿ ಈಗ ಅದನ್ನೇ ತರಬೇತಿ ಕೊಟ್ಟು ಕಲಿಸುತ್ತಾರಂತೆ.

ಈಗ ಲೆಕ್ಕಕ್ಕೆ ಬರೋಣ.

2013ರ ಜನವರಿಯಲ್ಲಿ ನಾವು ಕೆಲವರು ಬೆಟ್ಟದಲ್ಲಿ ಒಂದಿಷ್ಟು ಮರಗಳಿಗೆ ಎದೆ ಮಟ್ಟದಲ್ಲಿ ಬಿಳಿ ಬಣ್ಣದ ಪಟ್ಟಿ ಬಳಿದು ಸುತ್ತಳತೆ ಬರೆದಿಟ್ಟೆವು. ಸುಮ್ನೆ ಒಂದು ಕುತೂಹಲಕ್ಕೆ. ನನ್ನ ತೋಟದ ತಲೆಗಟ್ಟಿನ ಹತ್ತಿರ ಇರುವ ಮತ್ತಿ ಅವತ್ತು 142 ಸೆಂಟಿಮೀಟರ್ ಇತ್ತು. ಜೊತೆಗೆ ಬಂದಿದ್ದ ಪಕ್ಕದ ಮನೆ ಅಜ್ಜ ಟೇಪನ್ನು ನಂಬಲಿಲ್ಲ, ಮೊಳ ಹಾಕಿ ನೋಡಿದರು. 'ತಮಾ, ನಾ ಮದುವೆ ಆದ ವರ್ಷ ಇದನ್ನ ಎರಡೂ ಕೈಯಲ್ಲಿ ಹಿಡೀಬಹುದಿತ್ತು' ಅಂದರು. ಅವರ ಮದುವೆಯಾಗಿ ಅವತ್ತಿಗೆ ಐವತ್ತು ವರ್ಷದ ಮೇಲಾಗಿತ್ತು. 2025ರ ಜನವರಿಯಲ್ಲಿ ಅದೇ ಪಟ್ಟಿಯ ಮೇಲೆ ಟೇಪು ಸುತ್ತಿದೆ. 153. ಹನ್ನೆರಡು ವರ್ಷಕ್ಕೆ ಹನ್ನೊಂದು ಸೆಂಟಿಮೀಟರ್. ಅಜ್ಜ ಈಗ ಇಲ್ಲ.

ಈ ಒಂದು ಮರದಿಂದ ಇಡೀ ಕಾಡಿನ ಲೆಕ್ಕ ಬರುವುದಿಲ್ಲ, ಗೊತ್ತು. ಹಳ್ಳದ ಬದಿಯದು ಬೇಗ ಬೆಳೆಯುತ್ತದೆ, ಕಲ್ಲುಗುಡ್ಡದ್ದು ನಿಂತಲ್ಲೇ ನಿಂತಿರುತ್ತದೆ. ಆದರೂ ಒಂದು ಅಂದಾಜು ಸಿಗುತ್ತದೆ ಅಲ್ವಾ? 150 ಸೆಂಟಿಮೀಟರ್ ದಾಟಿದ ಮರ ಮಾತ್ರ ಕಡಿಯಬಹುದು ಅಂತ ನಿಯಮ ಮಾಡಿದೆವು ಅಂತಿಟ್ಟುಕೊಳ್ಳಿ. ಕೇಳಲು ಚೆನ್ನಾಗಿದೆ. ಈ ವರ್ಷ 150 ದಾಟಿದವನ್ನೆಲ್ಲ ಕಡಿದೆವು. ಈಗ 120 ಇರುವ ಮರ 150 ಆಗಲು ಮೂವತ್ತು ವರ್ಷದ ಮೇಲೆ ಬೇಕು. 120 ಇರುವ ಮರಗಳು ಬೇಕಾದಷ್ಟಿದ್ದರೆ ಸರಿ. ಇಲ್ಲದಿದ್ದರೆ? ನಮ್ಮ ಬೆಟ್ಟದಲ್ಲಿ ಮುದುಕ ಮರಗಳಿವೆ, ಮೊಣಕಾಲೆತ್ತರದ ಸಸಿಗಳಿವೆ, ನಡುವಿನ ವಯಸ್ಸಿನವು ಕಡಿಮೆ. ವರ್ಷ ವರ್ಷ ಸೊಪ್ಪು ಸವರಿ, ಬೆಂಕಿ ಬಿದ್ದು, ದನ ಮೇದು ಹಾಗಾಗಿದೆ. ತಪ್ಪು ನಮ್ಮದೂ ಇದೆ. ಇಂಥ ಕಡೆ ಬರೀ ಸುತ್ತಳತೆಯ ನಿಯಮ ಹಾಕಿದರೆ ಒಂದು ತಲೆಮಾರಿಗೆ ಚೌಕಟ್ಟು ಸಿಗುತ್ತದೆ, ಮುಂದಿನ ಎರಡು ತಲೆಮಾರಿಗೆ ಮತ್ತೆ ಮಲೇಶಿಯನ್ ಸಾಲ್.

ಮೆಕ್ಸಿಕೋ ದೇಶದ ಕ್ವಿಂಟಾನಾ ರೂ ಎಂಬಲ್ಲಿ ಊರವರ ಕೈಯಲ್ಲೇ ಕಾಡಿದೆ. ಅವರು 1983ರಿಂದ ಮಹಾಗನಿ ಮರಕ್ಕೆ ಹೀಗೇ ನಿಯಮ ಮಾಡಿಕೊಂಡರು. 55 ಸೆಂಟಿಮೀಟರ್ ವ್ಯಾಸ, ಅಂದರೆ ಸುಮಾರು ಐದೂ ಮುಕ್ಕಾಲು ಅಡಿ ಸುತ್ತಳತೆ ದಾಟಿದ ಮೇಲೆ ಮಾತ್ರ ಕೊಡಲಿ. ಕಾಡನ್ನು 25 ಭಾಗ ಮಾಡಿ ವರ್ಷಕ್ಕೊಂದು ಭಾಗ. ಮೂರು ಸುತ್ತು ಮುಗಿದರೆ 75 ವರ್ಷ, ಅಷ್ಟರಲ್ಲಿ ಸಸಿ ದೊಡ್ಡ ಮರ ಆಗಿರುತ್ತದೆ ಅಂತ ಲೆಕ್ಕ. ಆಮೇಲೆ ಅಳತೆ ಮಾಡಿದಾಗ ಮಹಾಗನಿ ಅಂದುಕೊಂಡಷ್ಟು ಬೇಗ ಬೆಳೆಯುತ್ತಿರಲಿಲ್ಲ. ಅದರ ಸಸಿಗೆ ಚೆನ್ನಾಗಿ ಬಿಸಿಲು ಬೀಳುವ ದೊಡ್ಡ ಬಯಲು ಬೇಕು, ಒಂದೊಂದೇ ಮರ ತೆಗೆದ ಸಂದಿಯಲ್ಲಿ ಅದು ಏಳುವುದಿಲ್ಲ. ಕಡಿಯುವ ಪ್ರಮಾಣ ಇಳಿಸಬೇಕಾಯಿತು. ನನಗೆ ಇಷ್ಟವಾದದ್ದು ಇದೇ. ತಪ್ಪಾಗಿದ್ದು ಗೊತ್ತಾಗಲು ಅವರ ಹತ್ತಿರ ಒಂದು ಲೆಕ್ಕ ಇತ್ತು. ನಮ್ಮಲ್ಲಿ ತಪ್ಪಲೂ ಲೆಕ್ಕ ಇಲ್ಲ.

ಗ್ವಾಟೆಮಾಲಾದ ಪೆಟೆನ್ ಕಾಡಿನಲ್ಲಿ 1990ರ ದಶಕದಿಂದ ಊರಿನ ಸಂಘಗಳಿಗೆ 25 ವರ್ಷದ ಒಪ್ಪಂದದ ಮೇಲೆ ಕಾಡು ಕೊಟ್ಟರು. ವರ್ಷಕ್ಕೆ ಒಂದು ತುಂಡು ಜಾಗದಲ್ಲಿ ಮಾತ್ರ ಕಡಿಯಬೇಕು. ಕಡಿಯುವ ಮುಂಚೆ ಆ ತುಂಡಿನ ಬೆಲೆಬಾಳುವ ಮರಗಳನ್ನೆಲ್ಲ ಒಂದೊಂದಾಗಿ ಎಣಿಸಿ ನಕ್ಷೆ ಮಾಡಬೇಕು. ಬೀಜಕ್ಕೆ ಅಂತ ಕೆಲವು ದೊಡ್ಡ ಮರ ಬಿಡಬೇಕು. ಹೊರಗಿನವರು ಬಂದು ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡಬೇಕು, ಇಲ್ಲದಿದ್ದರೆ ಒಪ್ಪಂದವೇ ರದ್ದು. ಜನ ಒಳಗೇ ಇದ್ದು ಮರ ಕಡಿಯುವ ಆ ಕಾಡುಗಳು ಪಕ್ಕದ ಲಗುನಾ ಡೆಲ್ ಟಿಗ್ರೆ ರಾಷ್ಟ್ರೀಯ ಉದ್ಯಾನಕ್ಕಿಂತ ಚೆನ್ನಾಗಿ ಉಳಿದಿವೆ. ಉದ್ಯಾನದಲ್ಲಿ ಕಡಿಯುವಂತೆಯೇ ಇಲ್ಲ, ಆದರೂ ಬೆಂಕಿ ಇಟ್ಟು ದನ ಸಾಕುವವರು ನುಗ್ಗಿದರು. ಇದನ್ನು ಓದಿದಾಗ ನನಗೆ ನಮ್ಮ ರಾತ್ರಿ ಗರಗಸದ ನೆನಪಾಯಿತು.

ಆದರೆ ಎಲ್ಲ ಕಡೆ ಸುಖವಾಗಿದೆ ಅಂತ ಸುಳ್ಳು ಹೇಳುವುದಿಲ್ಲ. ಬ್ರೆಜಿಲ್‌ನ ಅಮೆಜಾನಿನಲ್ಲಿ ನಿಯಮದ ಪ್ರಕಾರ ಹೆಕ್ಟೇರಿಗೆ ಹೆಚ್ಚೆಂದರೆ 30 ಘನ ಮೀಟರ್ ನಾಟಾ ತೆಗೆಯಬಹುದು, ಆಮೇಲೆ ಆ ಜಾಗಕ್ಕೆ 25ರಿಂದ 35 ವರ್ಷ ರಜೆ. ದೊಡ್ಡ ಯಂತ್ರ ಇಲ್ಲದೆ ಮಾಡುವ ಊರ ಮಟ್ಟದ ಕಟಾವಿಗೆ 10 ಘನ ಮೀಟರ್, ರಜೆಯೂ ಕಡಿಮೆ. ಉಷ್ಣವಲಯದ ಕಾಡುಗಳ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದವರು, ಮೊದಲ ಸಲ ಸಿಕ್ಕಿದ್ದರಲ್ಲಿ ಎರಡನೇ ಸಲಕ್ಕೆ ಸಿಗುವುದು ಅರ್ಧದಷ್ಟೇ ಎಂದಿದ್ದಾರೆ. ಮೂವತ್ತು ವರ್ಷ ಬಹಳ ಅಂತ ನಮಗೆ ಅನಿಸುತ್ತದೆ. ಮತ್ತಿ ಮರಕ್ಕೆ ಮೂವತ್ತು ವರ್ಷ ಎಂದರೆ ಒಂದು ಗೇಣು ಸುತ್ತಳತೆ, ಒಂದಿಷ್ಟು ಜಾಸ್ತಿ. ಹಾಗಾಗಿ ನಮ್ಮ ಮಿತಿ ಇನ್ನೂ ಕಡಿಮೆ ಇರಬೇಕು ಅಂತ ನನ್ನ ಅಭಿಪ್ರಾಯ. ಮಾರಾಟಕ್ಕಂತೂ ಬೇಡ. ನಮ್ಮ ಸಮಿತಿಯ ಈಗಿನ ಹುಡುಗರು ಇದನ್ನು ಒಪ್ಪುವುದಿಲ್ಲ, 'ನೀವು ಅಡಿಕೆ ಮಾರಿ ಬದುಕಿದಿರಿ, ಎಲೆಚುಕ್ಕಿ ರೋಗ ಬಂದ ಮೇಲೆ ನಾವು ಎಂತ ಮಾರೂದು' ಅಂತ ಕೇಳುತ್ತಾರೆ. ಅವರ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಜಗಳ ನಡೆಯುತ್ತಲೇ ಇದೆ.

ಈಗ ನಮ್ಮ ಮೇಲೂ ಸ್ವಲ್ಪ ಹೇಳಿಕೊಳ್ಳಬೇಕು, ಇಲ್ಲದಿದ್ದರೆ ಪತ್ರ ಒಂದೇ ಕಡೆ ವಾಲುತ್ತದೆ. ಕಾಡಿನಿಂದ ಅತಿ ಹೆಚ್ಚು ಮರ ಹೊರಗೆ ಬರುವುದು ಚೌಕಟ್ಟಿಗಲ್ಲ, ಒಲೆಗೆ. ಬಚ್ಚಲ ಹಂಡೆ ಬೆಳಿಗ್ಗೆಯಿಂದ ರಾತ್ರಿಯವರೆಗೆ ಉರಿಯುತ್ತದೆ. ಅಡಿಕೆ ಬೇಯಿಸುವ ಎರಡು ತಿಂಗಳು ಅಂಗಳದಲ್ಲಿ ಸೌದೆಯ ಒಟ್ಟಿಲು ಮನೆಯ ಮಾಡಿಗೆ ಮುಟ್ಟುತ್ತದೆ. ಗ್ಯಾಸ್ ಬಂದ ಮೇಲೆ ಅಡುಗೆಮನೆ ಒಲೆ ತಣ್ಣಗಾಯಿತು, ಬಚ್ಚಲೊಲೆ ಆಗಲಿಲ್ಲ. ಸೌದೆಗೆ ಯಾರೂ ಮಿತಿ ಹಾಕಿಕೊಂಡಿಲ್ಲ. ಉತ್ತರ ಕನ್ನಡದಲ್ಲಿ ಒಂದೆಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಕೊಟ್ಟಿದ್ದರು, ಅಲ್ಲೂ ಬೋಳಾದ ಬೆಟ್ಟ ಬೇಕಾದಷ್ಟಿವೆ, ಕಾನಿನಂತೆ ಕಪ್ಪಗೆ ನಿಂತ ಬೆಟ್ಟವೂ ಇದೆ. ಜಾಗ ಎಷ್ಟು ಸಿಕ್ಕಿತು ಅನ್ನುವುದಕ್ಕಿಂತ ಅಕ್ಕಪಕ್ಕದವರು ಮಾತಾಡಿಕೊಂಡರೋ ಇಲ್ಲವೋ ಅನ್ನುವುದರ ಮೇಲೆ ಅದು ನಿಂತಿದೆ.

ಮಾತಾಡಿಕೊಳ್ಳದಿದ್ದರೆ ಏನಾಗುತ್ತದೆ ಅಂತ ಉಪ್ಪಾಗೆ, ನಮ್ಮ ಕಾಡಿನ ಹುಳಿಹಣ್ಣಿನ ಮರ, ನಮಗೆ ಕಲಿಸಿದೆ. ತೊಂಬತ್ತರ ದಶಕದಲ್ಲಿ, ಬೊಜ್ಜು ಕರಗಿಸುವ ಔಷಧಿಗೆ ಬೇಕು ಅಂತ ಉಪ್ಪಾಗೆ ಸಿಪ್ಪೆಗೆ ಒಮ್ಮೆಲೇ ರೇಟು ಬಂತು. ಅಲ್ಲಿವರೆಗೆ ತುಪ್ಪಕ್ಕೆ, ಹುಳಿಗೆ ಅಂತ ನಾಲ್ಕು ಹಣ್ಣು ಹೆಕ್ಕುತ್ತಿದ್ದವರು ನಾವು. ಟೆಂಡರ್‌ನವನು ಆಳು ಬಿಟ್ಟ. ನಾನು ಕೊಯ್ಯದಿದ್ದರೆ ಇನ್ನೊಬ್ಬ ಕೊಯ್ಯುತ್ತಾನೆ ಅಂತ ಎಲ್ಲರೂ ಕಾಯಿ ಇರುವಾಗಲೇ ಮರ ಹತ್ತಿದರು. ಕೊಕ್ಕೆಗೆ ಸಿಗದ ಕೊಂಬೆಗೆ ಕತ್ತಿ ಬಿತ್ತು. ನಮ್ಮ ಹಳ್ಳದ ಬದಿಯ ಎರಡು ದೊಡ್ಡ ಮರವನ್ನು ಯಾರೋ ಬುಡಕ್ಕೇ ಕಡಿದು ಕಾಯಿ ಬಿಡಿಸಿಕೊಂಡರು. ಅದು ಮಳೆಗಾಲದ ಬೆಳೆ, ಬಿಸಿಲಿಗೆ ಒಣಗುವುದಿಲ್ಲ, ಬೆಂಕಿ ಹಾಕಿಯೇ ಒಣಗಿಸಬೇಕು. ಹಣ್ಣಿನ ಮರ ಹೋದದ್ದಲ್ಲದೆ ಅದನ್ನು ಒಣಗಿಸಲು ಸೌದೆಗೆ ಇನ್ನೊಂದು ಮರವೂ ಹೋಯಿತು. ಐದಾರು ವರ್ಷ ಹೀಗೆ ಕುಣಿದ ಮೇಲೆ ಊರವರು ದೇವಸ್ಥಾನದಲ್ಲಿ ಕೂತು ಒಂದು ಮಾತು ಮಾಡಿದೆವು. ಹಣ್ಣು ಹಳದಿ ಆಗುವವರೆಗೆ ಯಾರೂ ಮುಟ್ಟುವಂತಿಲ್ಲ, ಇಂಥ ದಿನದಿಂದ ಕೊಯ್ಲು, ಕೊಂಬೆ ಕಡಿದವನಿಗೆ ಆ ವರ್ಷ ಇಲ್ಲ. ದಂಡದ ಪುಸ್ತಕ ಇನ್ನೂ ಇದೆ. ಅದರಲ್ಲಿ ನನ್ನ ದೊಡ್ಡಪ್ಪನ ಹೆಸರೂ ಇದೆ.

ಬಿದಿರಿನ ಕಥೆಯನ್ನೂ ನಿಮ್ಮ ಇಲಾಖೆಯ ಹಿರಿಯರು ಮರೆತಿರಲಿಕ್ಕಿಲ್ಲ. ಎಪ್ಪತ್ತರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಉತ್ತರ ಕನ್ನಡದ ಕಾಡಿನಲ್ಲಿ ಬಿದಿರು ಯಾಕೆ ಖಾಲಿಯಾಗುತ್ತಿದೆ ಅಂತ ನೋಡಲು ಹೋದರು. ಕಾಗದದ ಕಾರ್ಖಾನೆಗೆ ಬಿದಿರು ಕಡಿಯುವಾಗ ಮೆಳೆಯ ಬುಡದ ಮುಳ್ಳನ್ನು ಸವರಿ ಸ್ವಚ್ಛ ಮಾಡುತ್ತಿದ್ದರು, ಹಾಗೆ ಮಾಡಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಅಂತ ನಂಬಿಕೆ. ಊರವರು ಅದು ತಪ್ಪು ಅಂದರು. ಮುಳ್ಳು ತೆಗೆದರೆ ಎಳೆ ಕಳಲೆಯನ್ನು ದನ, ಮಂಗ ತಿಂದು ಮುಗಿಸುತ್ತವೆ ಅಂದರು. ಎಣಿಸಿ ನೋಡಿದಾಗ ಊರವರು ಹೇಳಿದ್ದೇ ಸರಿ. ಇವತ್ತು ಮಹಾರಾಷ್ಟ್ರದ ಗಡಚಿರೋಲಿಯ ಮೇಂಢಾ ಲೇಖಾ ಗ್ರಾಮಸಭೆ ತನ್ನ ಕಾಡಿನ ಬಿದಿರನ್ನು ತಾನೇ ಕಡಿದು ಮಾರುತ್ತದೆ, ಸಾಗಾಟದ ಪಾಸ್ ಬರೆಯುವ ಅಧಿಕಾರ 2011ರಲ್ಲಿ ಅವರ ಕೈಗೆ ಬಂತು. ನಮ್ಮ ರಾಜ್ಯದಲ್ಲೇ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅದೇ ವರ್ಷ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಮಲೆನಾಡಿನಲ್ಲಿ ಮಾತ್ರ ಆ ಹಕ್ಕಿನ ಅರ್ಜಿಗಳು 75 ವರ್ಷದಿಂದ ಇಲ್ಲೇ ಇದ್ದೇವೆ ಎಂಬ ದಾಖಲೆ ಹುಡುಕುತ್ತಾ ಕಚೇರಿಯಿಂದ ಕಚೇರಿಗೆ ಅಲೆಯುತ್ತಿವೆ. ಲಿಂಗನಮಕ್ಕಿಯಲ್ಲಿ ಮುಳುಗಿದ ಊರಿನವರು 75 ವರ್ಷದ ದಾಖಲೆಯನ್ನು ಎಲ್ಲಿಂದ ತರಬೇಕು, ನೀರಿನೊಳಗಿಂದಲಾ?

ನನ್ನ ಬೇಡಿಕೆ ದೊಡ್ಡದಲ್ಲ. ಕೋರ್ಟಿನ ಆದೇಶ ಮೀರಿ ಅಂತ ನಾನು ಕೇಳುತ್ತಿಲ್ಲ. ವರ್ಕಿಂಗ್ ಪ್ಲಾನ್ ಹತ್ತು ವರ್ಷಕ್ಕೊಮ್ಮೆ ಹೊಸದಾಗಿ ಬರೆಯುತ್ತೀರಿ, ಅದಕ್ಕೆ 2023ರಲ್ಲಿ ಕೇಂದ್ರದ ಹೊಸ ಸಂಹಿತೆಯೂ ಬಂದಿದೆ. ಮುಂದಿನ ಸಲ ನಮ್ಮ ಭಾಗದ ಪ್ಲಾನ್ ಬರೆಯುವಾಗ ಸಮಿತಿಗಳು ನೋಡಿಕೊಳ್ಳುವ ಬೆಟ್ಟಕ್ಕೆ, ಊರೊಟ್ಟಿನ ಕಾಡಿಗೆ ಬೇರೆಯೇ ಒಂದು ಅಧ್ಯಾಯ ಇಡಿ. ಅದರಲ್ಲಿ ಅಂಕಿ ನಾವು ಎಣಿಸಿದ್ದಿರಲಿ. ನೀವು ಅನುಮಾನ ಪಟ್ಟು ಹತ್ತರಲ್ಲಿ ಒಂದು ಮರವನ್ನು ಮತ್ತೆ ಅಳೆಯಿರಿ, ಬೇಜಾರಿಲ್ಲ. ಜಾತಿವಾರು, ಸುತ್ತಳತೆವಾರು ಎಷ್ಟೆಷ್ಟು ಮರ ಅನ್ನುವುದನ್ನು ಕನ್ನಡದಲ್ಲಿ ಬರೆದು ಪಂಚಾಯಿತಿ ಗೋಡೆಗೆ ಹಚ್ಚಿ. ಈ ವರ್ಷ ಇಡೀ ಊರಿಗೆ ಮೂರು ಮರ ಅಂತ ಲೆಕ್ಕ ಬಂದರೆ ಮೂರೇ ಇರಲಿ. ಸೊನ್ನೆ ಅಂತ ಬಂದರೆ ಸೊನ್ನೆ. ಲೆಕ್ಕದಿಂದ ಬಂದ ಸೊನ್ನೆಯನ್ನು ನಾವು ಕಾಯುತ್ತೇವೆ, ಉಪ್ಪಾಗೆ ಕಾದ ಹಾಗೆ.

ಮೊದಲು ಬಿದ್ದ ಮರದಿಂದ ಶುರು ಮಾಡಿ. ಮನೆ ಕಟ್ಟುವವನು, ಕೊಟ್ಟಿಗೆ ಮಾಡು ಹೊದೆಸುವವನು ಗ್ರಾಮಸಭೆಯಲ್ಲಿ ಕೇಳಲಿ, ಗಾರ್ಡ್ ಬಂದು ಹ್ಯಾಮರ್ ಹೊಡೆದು ಗುರುತು ಹಾಕಲಿ, ಅವನು ಕೂಲಿ ಹಾಕಿ ಒಯ್ಯಲಿ. ನಾಲ್ಕು ಬಿದ್ದರೆ ಎರಡು ಅಲ್ಲೇ ಇರಲಿ, ಅಣಬೆಗೂ ಗೆದ್ದಲಿಗೂ ಪಾಲು ಬೇಕು. ಪೊಟರೆ ಇರುವ ಹಳೆಯ ಮರವನ್ನು ಮಾತ್ರ 'ಕೆಲಸಕ್ಕೆ ಬಾರದ್ದು' ಅಂತ ಗುರುತು ಹಾಕಬೇಡಿ. ಹಿಂದೊಮ್ಮೆ ಹಾಗೆ ಗುರುತು ಹಾಕಿದ ಧೂಪದ ಮರದಲ್ಲಿ ಮಂಗಟ್ಟೆ ಹಕ್ಕಿ ಗೂಡು ಕಟ್ಟಿತ್ತು. ಹೆಣ್ಣು ಪೊಟರೆಯ ಬಾಯಿಗೆ ಮೆತ್ತಿಕೊಂಡು ಒಳಗೆ ಕೂತಿತ್ತು, ಗಂಡು ದಿನಕ್ಕೆ ಹತ್ತಾರು ಸಲ ಹಣ್ಣು ತಂದು ಕೊಡುತ್ತಿತ್ತು. ಮರದ ಬುಡದಲ್ಲಿ ಕೆಂಪು ಬಣ್ಣದಲ್ಲಿ ನಂಬರು. ನಮ್ಮ ಹುಡುಗರು ರಾತ್ರಿ ಹೋಗಿ ಆ ನಂಬರಿನ ಮೇಲೆ ಸಗಣಿ ಬಳಿದು ಬಂದರು. ಕಾನೂನು ಪ್ರಕಾರ ತಪ್ಪೇ. ನಾನು ಆಗ ಅಧ್ಯಕ್ಷ, ನೋಡಿಯೂ ನೋಡದ ಹಾಗೆ ಇದ್ದೆ.

ಹಳ್ಳದ ಎರಡೂ ದಡ, ದೇವರ ಬನ, ರಾಮಪತ್ರೆಯ ಜಡ್ಡಿ (ರಾಮಪತ್ರೆ ಮರಗಳಿರುವ ಜೌಗು), ಇವಕ್ಕೆ ಎಣಿಕೆಯೂ ಬೇಡ, ಕೊಡಲಿಯೂ ಬೇಡ. ಅಕೇಶಿಯಾ ತೋಪಿದ್ದಲ್ಲಿ ಕಟಾವು ಸಮಿತಿಯ ಕೈಗೆ ಕೊಡಿ, ಸಾಲು ಸಾಲಾಗಿ, ಜೆಸಿಬಿ ಇಲ್ಲದೆ, ಮಾರ್ಚ್ ಒಳಗೆ ಮುಗಿಯುವ ಹಾಗೆ. ಸೌದೆಗೂ ಪಕಾಸಿಗೂ ಸದ್ಯಕ್ಕೆ ಅದೇ ಸಾಕಾಗುತ್ತದೆ, ಊರ ಮರಕ್ಕೆ ಉಸಿರಾಡಲು ಹದಿನೈದು ವರ್ಷ ಸಿಗುತ್ತದೆ. ಮತ್ತೆ, ಸಮಿತಿಯ ಕಾರ್ಯದರ್ಶಿ ಎಂದರೆ ಫಾರೆಸ್ಟರ್, ಬ್ಯಾಂಕ್ ಖಾತೆಯೂ ಜಂಟಿ. ಅವರು ಎರಡು ವರ್ಷಕ್ಕೊಮ್ಮೆ ವರ್ಗವಾಗಿ ಹೋಗುತ್ತಾರೆ, ಜೊತೆಗೆ ನಿರ್ಣಯ ಪುಸ್ತಕದ ನೆನಪೂ ಹೋಗುತ್ತದೆ. ಪುಸ್ತಕದ ಒಂದು ಪ್ರತಿ ಊರಲ್ಲಿ ಇರಲಿ ಅಂತ ಒಂದು ಸುತ್ತೋಲೆ ಹೊರಡಿಸಲು ನಿಮಗೆ ಯಾವ ಕೋರ್ಟಿನ ಅನುಮತಿಯೂ ಬೇಕಾಗಿಲ್ಲ ಅಲ್ವಾ?

ಬರುವ ಜನವರಿ ಕೊನೆಗೆ ಕೊನೆಕೊಯ್ಲು ಮುಗಿದಿರುತ್ತದೆ, ದರಕು (ಒಣ ಎಲೆ) ಉದುರಲು ಶುರುವಾಗಿರುತ್ತದೆ, ಬೆಟ್ಟ ಹತ್ತಲು ಅದೇ ಸರಿಯಾದ ಸಮಯ. ನಮ್ಮೂರ ಇಪ್ಪತ್ತು ಜನ, ಹೈಸ್ಕೂಲು ಮಕ್ಕಳೂ ಸೇರಿ, ನಾಲ್ಕು ದಿನ ಮರ ಎಣಿಸಬೇಕು ಅಂತ ನಿಶ್ಚಯ ಮಾಡಿದ್ದೇವೆ. ಟೇಪು ಆರು ಇವೆ, ಬಣ್ಣದ ಡಬ್ಬಿ ತರಬೇಕು. ಆ ನಾಲ್ಕು ದಿನಕ್ಕೆ ಒಬ್ಬ ಗಾರ್ಡನ್ನು ನಮ್ಮ ಜೊತೆ ಕಳಿಸಲು ಹೇಳಿ. ಇಲ್ಲದಿದ್ದರೆ ಕೈಯಲ್ಲಿ ಟೇಪು ಹಿಡಿದು ಕಾಡಿನಲ್ಲಿ ತಿರುಗುವವರ ಮೇಲೆ ಕೇಸು ಹಾಕುವ ಸಂಭವವೂ ಇದೆ, ತಮಾಷೆ ಮಾಡುತ್ತಿಲ್ಲ. ಊಟ ನಮ್ಮ ಮನೆಯಲ್ಲೇ.

ಇಂತಿ,
ಸಾಗರ ಸೀಮೆಯ ಒಬ್ಬ ಅಡಿಕೆ ಬೆಳೆಗಾರ